ರಾಜೇಂದ್ರ ಮಗಳ ಮದುವೆಗೆ ಕರೆದ ಬಗೆ

ಕೋಣಂದೂರಿನ ಬಸ್‌ಸ್ಟ್ಯಾಂಡ್ ಎದುರು ಫ್ಲೆಕ್ಸ್ ಅಂಗಡಿ ಇಟ್ಟಿರುವ ರಾಜೇಂದ್ರನಷ್ಟು ಮೈಗಳ್ಳ ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಆ ಮೈಗಳ್ಳತನಕ್ಕೆ ಅವನು ಇಟ್ಟುಕೊಂಡ ಹೆಸರು ಟೆಕ್ನಾಲಜಿ. ನಾನು ಪಕ್ಕದ ಮಳಿಗೆಯ ಟೈಲರ್. ಅವನನ್ನು ಸಹಿಸಿಕೊಳ್ಳುವುದೂ ನನ್ನ ಕಸುಬಿನೊಳಗೇ ಸೇರಿಹೋಗಿದೆ.

ಊರಿಗೆ ಕ್ಯೂಆರ್ ಕೋಡ್ ತಂದವನು ತಾನೇ ಎಂದು ಅವನ ಜಂಬ. ಎಳನೀರಿನ ಗಾಡಿಗೆ, ಮೀನಿನ ಬುಟ್ಟಿಗೆ, ಕಡೆಗೆ ನನ್ನ ಮಿಷನ್ನಿಗೂ ಒಂದು ಅಂಟಿಸಿದ. ಉಪಯೋಗ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ಚಿಲ್ಲರೆಯ ಜಗಳ ತಪ್ಪಿತು, ಚಿಲ್ಲರೆ ಬದಲು ಚಾಕೊಲೇಟು ಕೊಡುವ ದರಿದ್ರ ಪದ್ಧತಿಯೂ ನಿಂತಿತು. ಅಷ್ಟಕ್ಕೇ ಸುಮ್ಮನಿದ್ದರೆ ಅವನು ರಾಜೇಂದ್ರ ಹೇಗಾದಾನು? ಬೆಲೆಪಟ್ಟಿಗೂ ಒಂದು ಚೌಕ, ಇವತ್ತು ಅಂಗಡಿ ರಜೆ ಎಂದು ತಿಳಿಸಲೂ ಒಂದು ಚೌಕ. ಮೊಬೈಲ್ ಇಲ್ಲದ ಮುದುಕರು ಮುಚ್ಚಿದ ಬಾಗಿಲ ಮುಂದೆ ನಿಂತು ಆ ಕಪ್ಪು ಚುಕ್ಕೆಗಳನ್ನು ನೋಡಿ, ಆಮೇಲೆ ನನ್ನ ಹತ್ತಿರ ಬಂದು ವಿಚಾರಿಸಬೇಕು.

ಮಗಳು ಮೇಘನಾಳ ಮದುವೆ ನಿಶ್ಚಯವಾದಾಗ ಇವನ ಬಂಡವಾಳ ಪೂರ್ತಿ ಬಯಲಾಯಿತು. ನಮ್ಮಲ್ಲಿ ಗಂಡ ಹೆಂಡತಿ ಜೋಡಿಯಾಗಿ ಮನೆಮನೆಗೆ ಹೋಗಿ, ಕುಂಕುಮ ಅಕ್ಷತೆ ಕೊಟ್ಟು, ಬಾಯಿಬಿಟ್ಟು ಕರೆಯಬೇಕು. ಹಾಗೆ ಕರೆಯದಿದ್ದರೆ ಒಡಹುಟ್ಟಿದವರೂ ಬರುವುದಿಲ್ಲ. ಈ ಮಹಾಶಯ ಅಂಗೈಯಗಲದ ಚೌಕವೊಂದನ್ನು ಅಚ್ಚು ಮಾಡಿ ಎಲ್ಲರಿಗೂ ಅಂಚೆಗೆ ಹಾಕಿದ. ಸ್ಕ್ಯಾನ್ ಮಾಡಿದರೆ ಹಾಡು, ಫೋಟೊ, ದಾರಿ ಎಲ್ಲ ಬರುತ್ತದಂತೆ.

ತನ್ನ ಅಣ್ಣ ಹೂವಪ್ಪನ ಮನೆಗಾದರೂ ಹೋಗಿಬರೋಣ ಎಂದು ಹೆಂಡತಿ ಶರಾವತಿ ಗೋಗರೆದಳು. ಹೂವಪ್ಪ ಇರುವುದು ನಗರ ಎಂಬ ಊರಿನ ಹತ್ತಿರ. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಶರಾವತಿಗೆ ತವರೆಂದರೆ ಅವನೊಬ್ಬನೇ. ಅವನ ಹತ್ತಿರ ಮೊಬೈಲೇ ಇಲ್ಲ ಎಂದರೂ ರಾಜೇಂದ್ರ ಕುರ್ಚಿಯಿಂದ ಏಳಲಿಲ್ಲ. ಯಾರಾದರೂ ತೆರೆದು ತೋರಿಸುತ್ತಾರೆ ಬಿಡು ಎಂದ.

ಮದುವೆಯ ಹಿಂದಿನ ದಿನ, ಚಪ್ಪರದ ಶಾಸ್ತ್ರಕ್ಕೆ ಸೋದರಮಾವನ ಸುಳಿವಿಲ್ಲ. ನೆಂಟರೆಲ್ಲ ಪಿಸುಗುಟ್ಟತೊಡಗಿದರು. ಶರಾವತಿಯ ಮುಖ ನೋಡಲಾಗುತ್ತಿರಲಿಲ್ಲ. ಆಗ ರಾಜೇಂದ್ರ ಹೂವಪ್ಪನ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಹಚ್ಚಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಬೇರೆ ಹಾಕಿದ, ಪುಣ್ಯಾತ್ಮ.

"ಚೀಟಿ ಬಂದದೆ," ಎಂದ ಹೂವಪ್ಪ ತಣ್ಣಗೆ. "ಕರೆಯೋರು ಇನ್ನೂ ಬಂದಿಲ್ಲ."

ಶರಾವತಿ ಕುಂಕುಮದ ಭರಣಿ, ಅಕ್ಷತೆಯ ತಟ್ಟೆ ಹಿಡಿದು ಬಂದು ನನ್ನ ಓಮ್ನಿಯಲ್ಲಿ ಕೂತಳು. ಅವಳೊಬ್ಬಳೇ ಹೋಗಿ ಕರೆಯುವಂತಿಲ್ಲವಲ್ಲ, ಇವನೂ ಮುಖ ಗಂಟಿಕ್ಕಿಕೊಂಡು ಹತ್ತಿದ. ಹಳೇ ಕಾಲದ ಜನ, ಹಳೇ ಕಾಲದ ಜನ ಎಂದು ದಾರಿಯುದ್ದಕ್ಕೂ ಗೊಣಗಿದ. ಎರಡು ಬಾರಿಸಬೇಕು ಎನ್ನಿಸಿತು. ಸ್ಟೇರಿಂಗ್ ಕೈಯಲ್ಲಿತ್ತು, ಬಚಾವಾದ.

ಹೂವಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಸೋದರಸೊಸೆಗೆ ತಂದ ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲೇ ಕೂತಿದ್ದ. ಬೆಳಗಿನಿಂದ ಹಾಗೇ ಕೂತಿದ್ದಾರೆ ಎಂದಳು ಅವನ ಹೆಂಡತಿ.

ಶರಾವತಿ ಅತ್ತಿಗೆಗೆ ಕುಂಕುಮ ಹಚ್ಚಿದಳು. ಇನ್ನು ಆಡಬೇಕಾದ ಮಾತು ಇವನದು. ಲೋಕಕ್ಕೆಲ್ಲ ಚೌಕ ಅಂಟಿಸಿದ ಮನುಷ್ಯ ಈಗ ಬಾಯಿಬಿಟ್ಟು ಕರೆಯಬೇಕಾಯಿತು. ಅಕ್ಷತೆಯ ತಟ್ಟೆ ಮುಂದೆ ಹಿಡಿದು ತಲೆ ತಗ್ಗಿಸಿದ.

"ಭಾವ, ನಾಳೆ ಮೇಘನಂದು ಧಾರೆ. ನೀವು ಬಂದು ನಡೆಸಿಕೊಡ್ಬೇಕು."

"ಇಷ್ಟೇ ಮಾರಾಯ," ಎಂದು ಹೂವಪ್ಪ ಎದ್ದ. ಚೀಲವನ್ನು ತಂಗಿಯ ಕೈಗೆ ಕೊಟ್ಟು, ಅವಳ ಕಣ್ಣೊರೆಸಿ, ಎಲ್ಲರಿಗಿಂತ ಮೊದಲು ಹೋಗಿ ಗಾಡಿ ಹತ್ತಿದ.