ಅಪ್ಪನ ಕತ್ತಿಗೆ ಪಾಲಿಶ್

ಅಪ್ಪ ಹಾಸಿಗೆ ಹಿಡಿದ ವರ್ಷ ಅವರ ಕ್ಷೌರದ ಕತ್ತಿಗೆ ತುಕ್ಕು ಹತ್ತಿತ್ತು. ಗಡ್ಡ ಎಷ್ಟು ಬೆಳೆದರೂ ಬೇರೆ ಕತ್ತಿಯನ್ನು ಮುಖಕ್ಕೆ ತಾಗಿಸಲು ಬಿಡಲಿಲ್ಲ. ಅವರ ಹಟವೇ ಹಾಗೆ. ನಾನು ದುರ್ಗದ ಬೈಲಿನ ಅಂಗಡಿಯಿಂದ ಒರಟು, ನಯ ಎರಡೂ ಬಗೆಯ ಪಾಲಿಶ್ ಕಾಗದ ತಂದು, ನೀರು ಹಚ್ಚಿ ಉಜ್ಜತೊಡಗಿದೆ.

“ಅವಸರ ಮಾಡಬ್ಯಾಡೋ, ಧಾರ ಹೋಗ್ತದ,” ಎನ್ನುತ್ತಿದ್ದರು ಮಲಗಿದಲ್ಲಿಂದಲೇ.

ನಾನು ಅವಸರ ಮಾಡಲಿಲ್ಲ. ಅಲಗು ಕನ್ನಡಿಯಂತಾದ ದಿನವೇ ಅಪ್ಪ ಹೋದರು, ಬೆಳೆದ ಗಡ್ಡದಲ್ಲೇ.

ಕರ್ಮಕ್ಕೆ ಕೂರುವ ಮೊದಲು ಮಗ ತಲೆ ಬೋಳಿಸಿಕೊಳ್ಳಬೇಕು. ಅವ್ವ ಒಳಗಿನಿಂದ ಆ ಕತ್ತಿಯನ್ನೇ ತಂದು ಕ್ಷೌರಿಕನ ಮುಂದಿಟ್ಟಳು. ಅವನು ನನ್ನ ನೆತ್ತಿಯ ಮೇಲೆ ಒಮ್ಮೆ ಎಳೆದು, ಸಮಾಧಾನ ಹೇಳುವವನಂತೆ ಮೆಲ್ಲಗೆ ಅಂದ:

“ಧಾರ ಭಾಳ ಛಲೋ ಬಂದೈತ್ರಿ. ಒಂದೀಟೂ ಉರಿಯಂಗಿಲ್ಲ.”