ಅಕ್ಕನ ಕ್ಯಾರಿಯರ್, ನನ್ನ ಪಿತ್ತಕೋಶ

ನನ್ನ ಪಿತ್ತಕೋಶ ಈಗ ಇಲ್ಲ. ಐವತ್ತಮೂರು ವರ್ಷ ಅದು ಹೊಟ್ಟೆಯೊಳಗೆ ಎಲ್ಲಿತ್ತು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಎರಡು ತಿಂಗಳಿಗೆ ತೆಗೆದು ಬಿಸಾಡಿದರು. ಅದು ಹೋದದ್ದಕ್ಕೆ ನನಗೆ ಬೇಸರವೇನೂ ಇಲ್ಲ. ಆದರೆ ಅದರ ದೆಸೆಯಿಂದ ನನ್ನ ಅಕ್ಕ ಒಂದು ತಿಂಗಳಿಗೂ ಹೆಚ್ಚು ಕಾಲ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ, ಅದನ್ನು ಹೇಳಬೇಕು.

ನಾನು ಬಸ್ ಕಂಡಕ್ಟರ್. ಉಡುಪಿ–ಕಾರ್ಕಳ ಲೈನಿನ ಖಾಸಗಿ ಬಸ್ಸು, ಮನೆ ದಾರಿ ಮಧ್ಯೆ ಹಿರಿಯಡ್ಕದಲ್ಲಿ. ಅಕ್ಕ ಕಾಪುವಿನಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಅಂದಿನಿಂದ ನನ್ನ ಹೊಟ್ಟೆಯ ಜವಾಬ್ದಾರಿ ಅವಳದ್ದು. ಮದುವೆಯಾಗಿ ಕಾಪುವಿಗೆ ಹೋದ ಮೇಲೂ ಬಿಟ್ಟುಕೊಡಲಿಲ್ಲ, ನನಗೆ ಮದುವೆಯಾದ ಮೇಲೂ ಬಿಟ್ಟುಕೊಡಲಿಲ್ಲ. ನನ್ನ ಹೆಂಡತಿಯ ಅಡುಗೆ ಚೆನ್ನಾಗಿದೆ ಎಂದು ಅಕ್ಕನೇ ಹೇಳುತ್ತಾಳೆ. ಆದರೂ ಭಾನುವಾರ ಬಂತೆಂದರೆ ಅಕ್ಕನ ಕ್ಯಾರಿಯರ್ ಬಸ್ಸು ಹತ್ತಲೇಬೇಕು.

ನಮ್ಮ ಕಡೆ ಇದು ಹೊಸತಲ್ಲ. ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ಅಟ್ಟೆ, ಮದ್ದಿನ ಬಾಟ್ಲಿ, ಮದುವೆ ಕಾಗದ, ಮರೆತು ಬಿಟ್ಟ ಕನ್ನಡಕ, ಎಂತದ್ದೂ ಬಸ್ಸಿನವರ ಕೈಯಲ್ಲಿ ಕೊಟ್ಟರೆ ಮುಟ್ಟುತ್ತದೆ. ಅಕ್ಕ ಬೆಳಿಗ್ಗೆ ಕಾಪು ಸ್ಟ್ಯಾಂಡಿನಲ್ಲಿ ಮೂರು ಡಬ್ಬಿಯ ಸ್ಟೀಲು ಕ್ಯಾರಿಯರನ್ನು ಉಡುಪಿ ಬಸ್ಸಿನ ಕಂಡಕ್ಟರಿಗೆ ಕೊಡುವುದು, ಅವನು ಅದನ್ನು ಉಡುಪಿಯಲ್ಲಿ ನನಗೆ ದಾಟಿಸುವುದು, ನಾನು ಟ್ರಿಪ್ಪಿನಲ್ಲಿ ಹಿರಿಯಡ್ಕಕ್ಕೆ ಒಯ್ಯುವುದು. ಕೆಳಗಿನ ಡಬ್ಬಿಯಲ್ಲಿ ಕೋಳಿ ಸಾರು, ನಡುವಿನದ್ದರಲ್ಲಿ ತೆಂಗಿನತುರಿ ಹಾಕಿ ಹುರಿದ ಕೋಳಿ ಸುಕ್ಕ, ಮೇಲಿನದ್ದರಲ್ಲಿ ಪುಡಿಯಾಗದಂತೆ ಮುರಿದು ಜೋಡಿಸಿದ ಗರಿಗರಿ ಒಣ ರೊಟ್ಟಿ. ಸಂಜೆ ತೊಳೆದ ಕ್ಯಾರಿಯರ್ ಅದೇ ದಾರಿಯಲ್ಲಿ ವಾಪಸ್ಸು. ಬರಿದಾಗಿ ಕಳಿಸುವ ಕ್ರಮ ಇಲ್ಲ. ನಾಲ್ಕು ಬೆಂಡೆಕಾಯಿ, ಒಂದು ಕಟ್ಟು ಬಸಳೆ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹೆಂಡತಿ ಹಾಕಿ ಕಳಿಸುತ್ತಾಳೆ.

ನೋವು ಶುರುವಾದದ್ದು ಆಪರೇಷನ್ನಿಗೆ ಎರಡು ವರ್ಷ ಮೊದಲು, ಒಂದು ಭಾನುವಾರ ಮಧ್ಯಾಹ್ನದ ಟ್ರಿಪ್ಪಿನಲ್ಲಿ. ಪರ್ಕಳದ ಹತ್ತಿರ ಬಲಗಡೆ ಪಕ್ಕೆಲುಬಿನ ಅಡಿಗೆ ಯಾರೋ ಮುಷ್ಟಿ ತುರುಕಿ ಹಿಂಡಿದ ಹಾಗೆ ಆಯಿತು. ಅಲ್ಲಿಂದ ಬೆನ್ನಿಗೆ, ಬೆನ್ನಿನಿಂದ ಭುಜಕ್ಕೆ. ಬಲಗೈ ಪಕ್ಕೆಗೆ ಒತ್ತಿಕೊಂಡು, ಎಡಗೈಯಲ್ಲಿ ಕಂಬಿ ಹಿಡಿದು, ಮುಂದಕ್ಕೆ ಬಾಗಿ ನಿಂತೆ. ಬಸ್ಸಿನ ತುಂಬ ಡಾಕ್ಟರುಗಳೇ ಇರುತ್ತಾರಲ್ಲ, ಎಲ್ಲರೂ ಒಂದೇ ಬಾಯಲ್ಲಿ ಗ್ಯಾಸ್ ಎಂದರು. ಉಪ್ಪು ಸೋಡಾ ಕುಡಿದೆ, ಜೀರಿಗೆ ಕಷಾಯ ಕುಡಿದೆ. ಹದಿನೆಂಟು ವರ್ಷದಿಂದ ನನ್ನ ಜೊತೆ ಬಸ್ಸು ಬಿಡುತ್ತಿರುವ ಡ್ರೈವರ್, ಪಡುಬಿದ್ರಿ ಕಡೆಯ ಬ್ಯಾರಿ, ಇದು ಕಲ್ಲೇ ಎಂದು ತೀರ್ಮಾನ ಕೊಟ್ಟ. ಅವನ ಮಾವನಿಗೂ ಹೀಗೇ ಆಗಿ ಬಾಳೆದಿಂಡಿನ ರಸದಲ್ಲಿ ಹೋಯಿತಂತೆ. ಒಂದು ತಿಂಗಳು ಬೆಳಿಗ್ಗೆ ಬರಿ ಹೊಟ್ಟೆಗೆ ಬಾಳೆದಿಂಡಿನ ರಸ ಕುಡಿದೆ. ಹಿತ್ತಲಿನ ಬಾಳೆಗಿಡಗಳೆಲ್ಲ ಮುಗಿದವು, ನೋವು ಮುಗಿಯಲಿಲ್ಲ.

ಹೀಗೇ ಎರಡು ವರ್ಷ ಹತ್ತಿರವಾದ ಮೇಲೆ ಹೆಂಡತಿ ರಜೆ ಹಾಕಿಸಿ ಮಣಿಪಾಲದ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸ್ಕ್ಯಾನ್ ಆಯಿತು. ಡ್ರೈವರ್ ಹೇಳಿದ್ದು ಸರಿಯೇ, ಕಲ್ಲೇ. ಆದರೆ ಅವನ ಮಾವನ ಕಲ್ಲು ಮೂತ್ರಪಿಂಡದ್ದು, ನನ್ನದು ಪಿತ್ತಕೋಶದ್ದು. ಬಾಳೆದಿಂಡಿನ ರಸ ಎಷ್ಟು ಕುಡಿದರೂ ಅದು ಬಡಿಯುವುದು ಬೇರೆ ಮನೆಯ ಬಾಗಿಲು. ನೋವು ಯಾವಾಗ ಬರುತ್ತದೆ ಎಂದು ಡಾಕ್ಟರಮ್ಮ ಕೇಳಿದರು. ಭಾನುವಾರ ಎಂದೆ. ಕಲ್ಲಿಗೆ ಕ್ಯಾಲೆಂಡರ್ ಗೊತ್ತುಂಟಾ ಎಂದು ಅವರು ನಕ್ಕರು. ಆಗ ನನ್ನ ಹೆಂಡತಿ ಕ್ಯಾರಿಯರಿನ ಕತೆಯನ್ನು ಮೂರೂ ಡಬ್ಬಿ ಬಿಚ್ಚಿ ಹೇಳಿದಳು. ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಕಲ್ಲು ಆಗುವುದಕ್ಕೆ ಕಾರಣ ಹಲವು, ಕೆಲವೊಮ್ಮೆ ಅದು ಮನೆತನದಲ್ಲೇ ಇರುತ್ತದೆ. ಆದರೆ ಕಲ್ಲಿದ್ದವರು ಎಣ್ಣೆ, ಜಿಡ್ಡು ತಿಂದರೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಆಗ ನೋವು. ಆಪರೇಷನ್ ಮಾಡಿಸಿಕೊಳ್ಳಿ, ತಡ ಮಾಡಬೇಡಿ ಎಂದರು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಹೆಂಡತಿಗೆ ಹೇಳಿದೆ, ಅಕ್ಕನ ಕಿವಿಗೆ ಇದು ಬೀಳಬಾರದು.

ಅದಕ್ಕೆ ಕಾರಣ ಉಂಟು. ನನಗೆ ಎಂಟು ವರ್ಷವಾಗಿದ್ದಾಗ ಅಕ್ಕ ಮಾಡಿದ ಮರುವಾಯಿ, ಅಂದರೆ ಚಿಪ್ಪುಮೀನಿನ ಸುಕ್ಕ ತಿಂದು ಎರಡು ದಿನ ವಾಂತಿ ಮಾಡಿದ್ದೆ. ಹೊಳೆಯಿಂದ ತಂದ ಚಿಪ್ಪೇ ಕೆಟ್ಟಿತ್ತು, ಅವಳ ತಪ್ಪೇನಿಲ್ಲ. ಆದರೆ ಅಕ್ಕ ಅಂದಿನಿಂದ ಇಂದಿನವರೆಗೆ ಮರುವಾಯಿ ಮುಟ್ಟಿಲ್ಲ. ನಲವತ್ತೈದು ವರ್ಷ, ಮಾರಾಯ್ರೆ. ಅವಳ ಮಗ ಕೇಳಿ ಕೇಳಿ ಸುಸ್ತಾಗಿ ಈಗ ಹೋಟೆಲಿನಲ್ಲಿ ತಿನ್ನುತ್ತಾನೆ. ಇನ್ನು ತಮ್ಮನ ಹೊಟ್ಟೆ ಕೊಯ್ಯಿಸಿದ್ದು ತನ್ನ ಕೋಳಿ ಸಾರು ಎಂದು ಗೊತ್ತಾದರೆ ಕೇಳಬೇಕಾ? ಕ್ಯಾರಿಯರ್ ಅಟ್ಟಕ್ಕೆ ಹೋಗುತ್ತದೆ, ಅಕ್ಕ ಮತ್ತೆ ನನಗೆಂದು ಒಲೆ ಹಚ್ಚುವುದಿಲ್ಲ. ಊಟ ಹೋದರೆ ಹೋಗಲಿ. ನನ್ನನ್ನು ತಾನೇ ಸಾಕಿದೆ ಎಂಬ ಅವಳ ಸಮಾಧಾನ ಹೋಗುತ್ತದಲ್ಲ, ಅದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಹಾಗಾಗಿ ಒಂದು ಸುಳ್ಳು ಕಟ್ಟಿದೆ. ಟೂರಿಸ್ಟ್ ಬಸ್ಸಿನಲ್ಲಿ ನಾಲ್ಕು ದಿನ ತಿರುಪತಿಗೆ ಹೋಗುತ್ತಿದ್ದೇನೆ ಎಂದು ಅಕ್ಕನಿಗೆ ಫೋನ್ ಮಾಡಿದೆ. ಹೋಗಿ ಬಾ, ನನ್ನದೂ ಒಂದು ನಮಸ್ಕಾರ ಹೇಳು ಎಂದಳು. ಶುಕ್ರವಾರ ಅಡ್ಮಿಟ್, ಶನಿವಾರ ಆಪರೇಷನ್. ಹೊಟ್ಟೆಗೆ ನಾಲ್ಕು ಸಣ್ಣ ತೂತು, ಅಷ್ಟೇ. ಹೊಟ್ಟೆಗಿಂತ ಭುಜವೇ ಹೆಚ್ಚು ನೋಯುತ್ತಿತ್ತು. ಆಪರೇಷನ್ನಿಗೆಂದು ಹೊಟ್ಟೆಯೊಳಗೆ ಗಾಳಿ ತುಂಬಿಸಿರುತ್ತಾರೆ, ಅದರ ನೋವು ಅದು, ನಡೆದಾಡಿದರೆ ಹೋಗುತ್ತದೆ ಎಂದು ನರ್ಸ್ ಹೇಳಿದರು. ಎರಡು ವರ್ಷ ಎಲ್ಲರೂ ಗ್ಯಾಸ್ ಗ್ಯಾಸ್ ಎಂದದ್ದು ಕೊನೆಗೂ ನಿಜವಾಯಿತು.

ಭಾನುವಾರ ಹನ್ನೊಂದೂವರೆಗೆ ವಾರ್ಡಿನ ಬಾಗಿಲಲ್ಲಿ ನನ್ನ ಡ್ರೈವರ್. ಕೈಯಲ್ಲಿ ಅಕ್ಕನ ಕ್ಯಾರಿಯರ್. ನಾನಿಲ್ಲದಿದ್ದರೂ ನನ್ನ ಹೆಂಡತಿ ಉಣ್ಣಲಿ ಎಂದು ಅಕ್ಕ ಕಳಿಸಿದ್ದಳು. ಉಡುಪಿಯಲ್ಲಿ ಅದು ಇವನ ಕೈಗೆ ಬಂದಿದೆ. ಹಿರಿಯಡ್ಕದ ಮನೆಗೆ ಬೀಗ, ಇಬ್ಬರೂ ಆಸ್ಪತ್ರೆಯಲ್ಲಿ, ಪಾಪ, ಎಂದು ಕನಿಕರಪಟ್ಟು ಮಣಿಪಾಲದಲ್ಲಿ ಬಸ್ಸು ನಿಲ್ಲಿಸಿ, ಪ್ರಯಾಣಿಕರನ್ನೆಲ್ಲ ಹಾಗೇ ಕೂರಿಸಿ, ಓಡಿ ಬಂದಿದ್ದ. ಮುಚ್ಚಳ ತೆಗೆದದ್ದೇ ವಾರ್ಡಿಗೆ ವಾರ್ಡೇ ಮೂಗೆತ್ತಿತು. ನರ್ಸ್ ಬಂದು ಅವನನ್ನೂ ಕ್ಯಾರಿಯರನ್ನೂ ಹೊರಗೆ ಹಾಕಿದರು. ಹೆಂಡತಿ ವರಾಂಡದಲ್ಲಿ ಕೂತು ಅಷ್ಟಿಷ್ಟು ತಿಂದಳು. ಸಂಜೆ ತೊಳೆದ ಡಬ್ಬಿಗೆ ಎರಡು ಕಿತ್ತಳೆ ಹಾಕಿ ಅವನ ಕೈಯಲ್ಲೇ ವಾಪಸ್ಸು ಕಳಿಸಿದಳು. ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಮದ್ದಿನ ಮಂಪರು.

ಮರುದಿನ ಅಕ್ಕನ ಫೋನ್. ತಿರುಪತಿಯಿಂದ ಬಂದಿಯಾ ಎಂದು ಕೇಳಿದಳು. ದಾರಿಯಲ್ಲಿದ್ದೇನೆ, ದರ್ಶನ ಚೆನ್ನಾಗಿ ಆಯಿತು ಎಂದೆ.

"ಹಾಗಾದರೆ ಲಾಡು ಕಳಿಸು" ಎಂದು ಫೋನ್ ಇಟ್ಟಳು.

ಮುಂದಿನ ಭಾನುವಾರ ಕ್ಯಾರಿಯರ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮನೆಗೆ ನೋಡಲು ಬಂದ ಡ್ರೈವರನ್ನು ಕೂರಿಸಿ ವಿಚಾರಿಸಿದೆ. ಅವನು ಕಾಪು ಬಸ್ಸಿನ ಕಂಡಕ್ಟರಿಗೆ ಕ್ಯಾರಿಯರ್ ಕೊಡುವಾಗ ಆಸ್ಪತ್ರೆಯ ವಿಷಯವನ್ನೂ ಕೊಟ್ಟಿದ್ದ. ಆ ಪುಣ್ಯಾತ್ಮ ಕಾಪುವಿನಲ್ಲಿ ಅಕ್ಕನ ಕೈಗೆ ಕ್ಯಾರಿಯರ್ ಇಡುತ್ತಾ, ಆಪರೇಷನ್ ಚೆನ್ನಾಗಿ ಆಯಿತಂತೆ, ಹೆದರಬೇಡಿ ಎಂದಿದ್ದ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನಿಜಕ್ಕೆ ಮಾತ್ರ ನಮ್ಮೂರಿನಲ್ಲಿ ಗಂಟೆಗೆ ನಾಲ್ಕು ಬಸ್ಸು ಉಂಟು. ನನಗೆ ಬಂದ ಸಿಟ್ಟಿಗೆ ಇಬ್ಬರನ್ನೂ ಬಾಯಿಗೆ ಬಂದಂತೆ ಬೈದೆ. ಬೈಯುವಾಗ ಹೊಲಿಗೆ ಎಳೆದು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಸೌತೆಕಾಯಿ. ಭಾರ ಎತ್ತಬಾರದು, ಬಸ್ಸು ಹತ್ತಬಾರದು. ಬಸ್ಸಿನ ಹಾರ್ನ್ ಕೇಳಿ ಅಂಗಳಕ್ಕೆ ಹೋಗಿ ನಿಲ್ಲುವುದು, ಯಾರೂ ಕ್ಯಾರಿಯರ್ ಕೊಡದೆ ಬಸ್ಸು ಹೋಗುವುದನ್ನು ನೋಡುವುದು. ಅಕ್ಕನಿಗೆ ಫೋನ್ ಮಾಡಿದರೆ ಹೂಂ, ಹಾಂ, ಆಯಿತು, ಅಷ್ಟೇ. ಹೆಂಡತಿ ಫೋನ್ ತೆಗೆದುಕೊಂಡು ತಪ್ಪು ಒಪ್ಪಿಕೊಂಡಳು, ಡಾಕ್ಟರು ಹೇಳಿದ್ದನ್ನೆಲ್ಲ ವಿವರಿಸಿದಳು. ಅದಕ್ಕೂ ಹೂಂ. ಐವತ್ತಮೂರರ ಗಂಡಸು ನಾನು, ಒಂದು ದಿನ ಗಂಜಿಯ ಮುಂದೆ ಕೂತು ಅತ್ತುಬಿಟ್ಟೆ. ಉಪ್ಪು ಹೆಚ್ಚಾಯಿತಾ ಎಂದು ಹೆಂಡತಿ ಕೇಳಿದಳು. ಅವಳಿಗೂ ಗೊತ್ತಿತ್ತು.

ಆರನೇ ಭಾನುವಾರ ಡಾಕ್ಟರಮ್ಮನ ಒಪ್ಪಿಗೆ ಸಿಕ್ಕಿತು. ಎರಡು ಬಸ್ಸು ಹತ್ತಿ, ಪ್ರಯಾಣಿಕನ ಹಾಗೆ ಕಿಟಕಿ ಪಕ್ಕ ಕೂತು ಕಾಪುವಿಗೆ ಹೋದೆ. ಮಗ, ಸೊಸೆ ಎಲ್ಲಿಗೋ ಮದುವೆಗೆ ಹೋಗಿದ್ದರು. ಅಕ್ಕ ಅಡುಗೆಮನೆಯಲ್ಲಿದ್ದಳು, ತಿರುಗಿ ನೋಡಿದಳು, ಕೂತುಕೋ ಎಂದಳು. ಹಸಿವಾಗುತ್ತಿದೆ ಎಂದೆ. ಸ್ಟ್ಯಾಂಡಿನ ಹತ್ತಿರ ಹೋಟೆಲ್ ಉಂಟಲ್ಲ ಎಂದಳು. ನನಗೂ ರೇಗಿತು. ನಿನ್ನ ಸಾರಿನಿಂದ ಕಲ್ಲಾಗಲಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ, ಇನ್ನೂ ಎಂತ ಹಠ ನಿನ್ನದು ಎಂದು ಸ್ವರ ಏರಿಸಿದೆ.

"ಸಾರಿನ ಮಾತು ಯಾರು ಎತ್ತಿದ್ದು?" ಎಂದಳು ಅಕ್ಕ. "ನಿನ್ನ ಹೊಟ್ಟೆ ಕೊಯ್ದದ್ದು ಬಸ್ಸಿನವರಿಗೆಲ್ಲ ಗೊತ್ತುಂಟು. ನನಗೆ ಮಾತ್ರ ಗೊತ್ತಿಲ್ಲ. ನಿನಗೆ ಏನಾದರೂ ಆಗಿದ್ದರೆ? ಅದನ್ನೂ ಕಾಪು ಸ್ಟ್ಯಾಂಡಿನಲ್ಲಿ ನಿಂತು ಕೇಳಬೇಕಿತ್ತಾ ನಾನು?"

ಅಷ್ಟು ದಿನ ನಾನು ಅವಳ ಕೋಳಿ ಸಾರನ್ನು ಕಾಯುತ್ತಿದ್ದೆ, ಅವಳು ಕಾಯುತ್ತಿದ್ದದ್ದು ನನ್ನನ್ನು. ತಪ್ಪಾಯಿತು ಅಕ್ಕ ಎಂದೆ. ಅವಳು ಗಂಜಿ ಬಡಿಸಲು ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಬಲಗೈ ಪಕ್ಕೆಗೆ ಒತ್ತಿಕೊಂಡಳು, ಎಡಗೈಯಲ್ಲಿ ಕಟ್ಟೆಯ ಅಂಚು ಹಿಡಿದಳು, ಮುಂದಕ್ಕೆ ಬಾಗಿ ಉಸಿರು ಬಿಗಿಹಿಡಿದು ನಿಂತಳು.

ಆ ನಿಲುವು ನನಗೆ ಗೊತ್ತು. ಎರಡು ವರ್ಷ ಬಸ್ಸಿನ ಕಂಬಿ ಹಿಡಿದು ನಿಂತದ್ದು ಹಾಗೆಯೇ.

ನೋವು ಇಳಿಯುವವರೆಗೆ ಬೆನ್ನು ಸವರಿದೆ. ಅವಳು ಕೂತ ಮೇಲೆ ಒಂದು ವಿಷಯ ಹೊಳೆಯಿತು. ನಾನು ಕಾಪುವಿಗೆ ಊಟಕ್ಕೆ ಬಂದಾಗಲೆಲ್ಲ ಅಕ್ಕ ನನಗೆ ಕೋಳಿ ಬಡಿಸಿ ತಾನು ಗಂಜಿ ಉಣ್ಣುತ್ತಿದ್ದಳು. ಹರಕೆ ಉಂಟು, ಮಾಂಸ ತಿನ್ನುವುದಿಲ್ಲ ಎನ್ನುತ್ತಿದ್ದಳು. ಯಾವ ದೇವರಿಗೆ ಎಂದು ನಾನೂ ಕೇಳಿದವನಲ್ಲ.

"ಯಾವಾಗಿನಿಂದ ಅಕ್ಕ?"

"ಮೂರು ವರ್ಷ ಆಯಿತೇನೋ" ಎಂದಳು ನೆಲ ನೋಡುತ್ತಾ. "ಹೇಳಿದರೆ ನೀವೆಲ್ಲ ನನ್ನನ್ನು ಮಲಗಿಸುತ್ತೀರಿ. ಮತ್ತೆ ಭಾನುವಾರ ನಿನಗೆ ಕ್ಯಾರಿಯರ್ ಯಾರು ಕಳಿಸುವುದು?"

ಬೈಯಬೇಕು ಎಂದು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಬೈಯುವುದು? ನಗು ಬಂತು, ಅವಳಿಗೂ ಬಂತು. ನಗಬಾರದು, ನೋಯುತ್ತದೆ ಎಂದು ಇಬ್ಬರೂ ಒಂದೊಂದು ಪಕ್ಕೆ ಹಿಡಿದುಕೊಂಡೆವು. ಆಮೇಲೆ ಒಂದೇ ಪಾತ್ರೆಯಿಂದ ಗಂಜಿ ಬಡಿಸಿಕೊಂಡು ಉಂಡೆವು.

ಎರಡು ದಿನ ಬಿಟ್ಟು ಅಕ್ಕನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಮನೆತನದ್ದು ಎಂದು ಹೇಳಿದ್ದೆನಲ್ಲ ಎಂದರು ಡಾಕ್ಟರಮ್ಮ. ತಿಂಗಳೊಳಗೆ ಅಕ್ಕನ ಪಿತ್ತಕೋಶವೂ ಹೋಯಿತು. ಈ ಸಲ ಸುಳ್ಳು ಹೇಳುವ ಅವಕಾಶವೇ ಇರಲಿಲ್ಲ, ಪಡುಬಿದ್ರಿಯಿಂದ ಕಾರ್ಕಳದವರೆಗಿನ ಬಸ್ಸಿನವರೆಲ್ಲ ಅವಳ ಹೊಲಿಗೆಯ ಕ್ಷೇಮ ವಿಚಾರಿಸುತ್ತಿದ್ದರು.

ಅವಳು ಆಸ್ಪತ್ರೆಯಿಂದ ಕಾಪುವಿಗೆ ಹೋದ ಮೊದಲ ಭಾನುವಾರ ನಾನು ರಜೆ ಹಾಕಿ ಬೇಗ ಎದ್ದೆ. ಜನ್ಮದಲ್ಲಿ ಒಲೆ ಹಚ್ಚಿದವನಲ್ಲ. ಹೆಂಡತಿಯನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ ಕುಚ್ಚಲಕ್ಕಿ ಗಂಜಿ ಬೇಯಿಸಿದೆ, ಹೆಸರುಕಾಳು ಬೇಯಿಸಿದೆ, ಸೌತೆಕಾಯಿ ಹೆಚ್ಚಿದೆ. ಬಸ್ಸಿನ ಹೊತ್ತಾಯಿತೆಂದು ರುಚಿಯೂ ನೋಡದೆ, ಕಾಪುವಿನಿಂದ ತಂದಿಟ್ಟುಕೊಂಡಿದ್ದ ಕ್ಯಾರಿಯರಿಗೆ ತುಂಬಿಸಿ ರಸ್ತೆಗೆ ಹೋಗಿ ನಿಂತೆ. ಡ್ರೈವರ್ ಬಸ್ಸು ನಿಲ್ಲಿಸಿ ಕೈ ಚಾಚಿದ. ಬಿಸಿ ಉಂಟು, ಓರೆ ಮಾಡಬೇಡ, ಯಾರಲ್ಲಿಯೂ ಏನೂ ಹೇಳಬೇಡ ಎಂದೆ.

ಸಂಜೆ ಕ್ಯಾರಿಯರ್ ವಾಪಸ್ಸು ಬಂತು. ಕೆಳಗಿನ ಡಬ್ಬಿ ಬರಿದು, ತೊಳೆದದ್ದು. ನಡುವಿನದ್ದೂ ಹಾಗೇ. ಮೇಲಿನ ಡಬ್ಬಿಯಲ್ಲಿ ಒಂದು ಕಾಗದದ ಪೊಟ್ಟಣ ಇತ್ತು. ಬಿಚ್ಚಿ ನೋಡಿದೆ.

ಒಂದು ಹಿಡಿ ಉಪ್ಪು ಕಳಿಸಿದ್ದಳು ಅಕ್ಕ.