ಉಡಿಯೊಳಗೆ ಬಂದ ಆಡು

ನಾನು ಮುದಗಲ್ಲಿನಿಂದ ಮಸ್ಕಿಗೆ ಸೊಸೆಯಾಗಿ ಬಂದ ದಿನ ನನ್ನ ಉಡಿಯಲ್ಲಿ ಒಂದು ಆಡಿನ ಮರಿ ಇತ್ತು. ರಜಾಕಾರರ ಗದ್ದಲ ಮುಗಿದು ಎರಡು ವರ್ಷವಾಗಿತ್ತು. ತವರಿನಿಂದ ಕಳಿಸುವಾಗ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಹಾಕಿ ಉಡಿ ತುಂಬುತ್ತಾರೆ. ನಮ್ಮಜ್ಜಿ ಅದೆಲ್ಲ ಹಾಕಿದ ಮೇಲೆ ಈ ಮರಿಗೂ ಮೈತುಂಬ ಅರಿಶಿನ ಹಚ್ಚಿ ಉಡಿಯಲ್ಲಿ ಇಟ್ಟಳು. ಹುಟ್ಟಿದ ದಿನವೇ ತಾಯಿ ಸತ್ತ ಮರಿ ಅದು. ಬೆರಳಿಗೆ ಹಾಲು ಅದ್ದಿ ಚೀಪಿಸಿ ನಾನೇ ಬದುಕಿಸಿದ್ದೆ.

"ಉಡ್ಯಾಗ ಬಿದ್ದದ್ದು ನಿಂದು" ಎಂದಳು ಅಜ್ಜಿ. "ನಿನ್ನ ಗಂಡಂದೂ ಅಲ್ಲ, ಅವನ ಮನಿಯವ್ರದೂ ಅಲ್ಲ."

ಬಂಡಿ ಮಸ್ಕಿ ಮುಟ್ಟುವಷ್ಟರಲ್ಲಿ ಮರಿ ಉಡಿಯಕ್ಕಿಯಲ್ಲಿ ಅರ್ಧ ತಿಂದು ಮುಗಿಸಿತ್ತು.

ಅದು ಬೆಳೆದು ಕರಿ ಆಡಾಯಿತು. ಬೆಳಿಗ್ಗೆ ನಾನು ಜೋಳ ಬೀಸುವಾಗ ಬೀಸುಕಲ್ಲಿನ ಪಕ್ಕ ಮಲಗುತ್ತಿತ್ತು. ನಾನು ನೀರಿಗೆ ಹೋದರೆ ಹಿಂದೆ ಬರುತ್ತಿತ್ತು, ಬೈದರೆ ಇನ್ನಷ್ಟು ಹತ್ತಿರ ಬರುತ್ತಿತ್ತು. ಎರಡು ಸಲ ಈದು, ಆಮೇಲೆ ಗಬ್ಬ ನಿಲ್ಲಲಿಲ್ಲ. ಆ ಹೊತ್ತಿಗೆ ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ನಮ್ಮ ಭಾವ, ಬೇರೆಯಾಗಲು ನಿಶ್ಚಯಿಸಿದ್ದರು.

ಬರಡು ಆಡನ್ನು ತಮ್ಮ ಪಾಲಿಗೆ ಹಾಕಿಸಿಕೊಂಡು ಸಿಂಧನೂರ ಸಂತೆಗೆ ಹೊಡೆಯುತ್ತೇನೆ ಎಂದು ಭಾವ ಮೊದಲೇ ಹೇಳಿಬಿಟ್ಟಿದ್ದರು. ಸಂತೆಯಲ್ಲಿ ಬರಡು ಆಡನ್ನು ಹಾಲಿಗಾಗಿ ಯಾರೂ ಕೊಳ್ಳುವುದಿಲ್ಲ. ಅದು ನಮಗೆಲ್ಲ ಗೊತ್ತಿತ್ತು. ಕೊರಳಲ್ಲಿ ಲಿಂಗ ಇದ್ದ ಮನೆಯವರು ನಾವು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

"ನಾಳಿ ಪಂಚರ ಮುಂದ ಬಾಯಿ ತಗೀಬ್ಯಾಡ" ಎಂದರು ನನ್ನ ಗಂಡ. "ಒಂದು ಆಡಿನ ಸಲುವಾಗಿ ಅಣ್ಣನ ಕೂಡ ತಕರಾರು ಬ್ಯಾಡ."

"ತಗೀತೀನಿ" ಎಂದೆ.

ಮರುದಿನ ಪಡಸಾಲೆಯಲ್ಲಿ ಮೂವರು ಪಂಚರು ಕುಳಿತರು. ಪಟ್ಟಿ ಬರೆಯಲು ಲಿಂಗಸುಗೂರಿನಿಂದ ಒಬ್ಬ ಮುದಿ ಗುಮಾಸ್ತ ಬಂದಿದ್ದ. ನಿಜಾಮರ ಕಾಲದ ಮನುಷ್ಯ, ಬರೆಯುವುದು ಉರ್ದುವಿನಲ್ಲಿ, ಓದಿ ಹೇಳುವುದು ಕನ್ನಡದಲ್ಲಿ. ನಾನು, ಭಾವನ ಹೆಂಡತಿಯಾದ ನನ್ನ ನೆಗೆಣ್ಣಿ, ಅತ್ತೆ ಮೂವರೂ ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆವು.

"ಜಾನವಾರ" ಎಂದು ಗುಮಾಸ್ತ ಓದಿದ. "ಎತ್ತು ನಾಕು, ಎಮ್ಮಿ ಎರಡು, ಆಡು ಒಂಬತ್ತು. ಅದರಾಗ ಕರಿ ಆಡು ಹಿರಿಯವ್ರ ಪಾಲಿಗೆ."

"ಕರಿ ಆಡು ಪಾಲಿಗೆ ಬರೂದಿಲ್ರೀ" ಎಂದೆ ಬಾಗಿಲ ಹಿಂದಿನಿಂದ. "ಅದು ನನ್ನ ಉಡ್ಯಾಗ ಬಂದದ್ದು."

ನನ್ನ ಗಂಡ ತಲೆ ತಗ್ಗಿಸಿದರು. ಭಾವ ಮಾತ್ರ ತಡಮಾಡಲಿಲ್ಲ.

"ಐದು ವರ್ಷ ಈ ಮನಿ ಮೇವು ತಿಂದೈತಿ. ಕಿವಿ ಮ್ಯಾಲ ಈ ಮನಿ ಗುರುತೈತಿ. ಬೇಕಾದ್ರ ನೋಡ್ರಿ."

ಅದು ನನ್ನದೇ ತಪ್ಪು. ಎರಡನೆಯ ವರ್ಷ ಮನೆಯ ಆಡುಗಳಿಗೆಲ್ಲ ಕಿವಿ ಕೊಯ್ದು ಗುರುತು ಹಾಕುವಾಗ ಇದಕ್ಕೂ ಹಾಕಿಸಿದ್ದೆ. ಕಾಲು ಗಟ್ಟಿಯಾಗಿ ಹಿಡಿದುಕೊಂಡವಳೂ ನಾನೇ.

"ಹಿಂಡಿನಾಗ ಕಳೀಬಾರದು ಅಂತ ಹಾಕಿಸೀನ್ರಿ" ಎಂದೆ. "ಕೊಟ್ಟಬಿಡಾಕ ಹಾಕಿಸಿಲ್ಲ."

ಹಿರಿಯ ಪಂಚ ಮೀಸೆ ತೀಡಿಕೊಂಡ. "ಉಡ್ಯಾಗ ಬಂದದ್ದಕ್ಕ ಸಾಕ್ಷಿ ಯಾರವ್ವಾ?"

"ನಮ್ಮತ್ತಿಯವ್ರು. ಹೊಸ್ತಿಲದಾಗ ನನ್ನ ಉಡಿ ಬಿಚ್ಚಿದವ್ರು ಅವ್ರ."

ಪಕ್ಕದಲ್ಲಿದ್ದ ಅತ್ತೆ ನನ್ನ ಕಡೆ ನೋಡಲಿಲ್ಲ. ಇನ್ನು ಮುಂದೆ ಅವರು ಇರಬೇಕಾದದ್ದು ಹಿರಿಯ ಮಗನ ಮನೆಯಲ್ಲಿ. ಆ ಮಗನ ವಿರುದ್ಧವೇ ಸಾಕ್ಷಿ ಹೇಳಿರೆಂದು ನಾನು ಕೇಳುತ್ತಿದ್ದೆ. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಬಿಚ್ಚೀನಿ" ಎಂದರು ಅತ್ತೆ, ತಡವಾಗಿ. "ಮರಿ ಮೈತುಂಬ ಅರಿಶಿಣ ಇತ್ತು. ಎತ್ತಿಕೊಂಡ ಕೂಡ್ಲೆ ನನ್ನ ಸೀರಿ ಮ್ಯಾಲ ಉಚ್ಚಿ ಹೊಯ್ತು. ಅದು ಅಕೀದು."

ಪಂಚರಲ್ಲಿ ಒಬ್ಬ ನಕ್ಕ. ಭಾವ ನಗಲಿಲ್ಲ. "ಯವ್ವಾ, ನೀ ಸುಮ್ನಿರು."

"ಸುಮ್ನಿದ್ದು ನೋಡೀನಪಾ. ನನಗೂ ತವರಿನವ್ರು ಒಂದು ಆಕಳ ಕೊಟ್ಟಿದ್ರು. ನಿಮ್ಮಪ್ಪ ಮಾರಿ ಬಂದು ಆಮ್ಯಾಲ ಹೇಳ್ದ. ಅವತ್ತೂ ಸುಮ್ನಿದ್ದೆ."

ನನ್ನ ಮದುವೆಯಾಗಿ ಐದು ವರ್ಷವಾದರೂ ಆ ಆಕಳಿನ ಸುದ್ದಿ ನಾನು ಕೇಳಿರಲಿಲ್ಲ. ಅತ್ತೆಯ ಮಕ್ಕಳಿಬ್ಬರೂ ಕೇಳಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಹಿರಿಯ ಪಂಚ ಉಳಿದಿಬ್ಬರ ಕಡೆ ನೋಡಿ, ಕರಿ ಆಡನ್ನು ಪಟ್ಟಿಯಿಂದ ತೆಗೆಯಿರಿ ಎಂದ. ಗುಮಾಸ್ತ ಗೆರೆ ಎಳೆದ.

ಓದುವುದು ಮುಂದುವರಿಯಿತು. ಕುಂಟೆ, ಕೂರಿಗೆ, ನೆಲದೊಳಗಿನ ಹಗೇವಿನ ಜೋಳ, ತಾಮ್ರದ ಹಂಡೆ. ಮನೆಯ ಒಂದು ಅರ್ಧ ಅಣ್ಣನಿಗೆ, ಇನ್ನೊಂದು ಅರ್ಧ ತಮ್ಮನಿಗೆ, ಒಂದೊಂದಕ್ಕೂ ಬೇರೆ ಬಾಗಿಲು. ನಾನು ಅರ್ಧಂಬರ್ಧ ಕೇಳುತ್ತಿದ್ದೆ, ಒಳಗೆ ಗೆದ್ದ ಖುಷಿ ಕುಣಿಯುತ್ತಿತ್ತು. ಕೊನೆಯ ಸಾಲಿಗೆ ಬಂದ ಗುಮಾಸ್ತ ಅದೇ ದನಿಯಲ್ಲಿ ಓದಿದ.

"ತಾಯಿ, ಹಿರಿ ಮಗನ ಕಡಿ."

ಅತ್ತೆ ಬಾಗಿಲು ದಾಟಿ ಪಡಸಾಲೆಗೆ ಬಂದರು. ಗಂಡ ಸತ್ತ ಮೇಲೆ ಅವರು ಪರಗಂಡಸರ ಮುಂದೆ ಬಂದು ನಿಂತದ್ದನ್ನು ನಾನು ನೋಡಿರಲಿಲ್ಲ.

"ಅದನ್ನೂ ಹೊಡದು ಹಾಕ್ರಿ" ಎಂದರು.

"ನೀ ಎಲ್ಲೆರ ಇರಬೇಕಲ್ಲವ್ವಾ" ಎಂದ ಹಿರಿಯ ಪಂಚ.

"ಇರ್ತೀನಿ. ಎಲ್ಲಿ ಅಂತ ನಾನ ಹೇಳ್ತೀನಿ. ನೀವು ಬರೀಬ್ಯಾಡ್ರಿ."

ಗುಮಾಸ್ತ ಎಲ್ಲರ ಮುಖ ನೋಡಿದ. ಯಾರೂ ಬೇಡವೆನ್ನದಿದ್ದಾಗ ಟಾಕನ್ನು ಮಸಿಯಲ್ಲಿ ಅದ್ದಿ ಇನ್ನೊಂದು ಗೆರೆ ಎಳೆದ.

ಅತ್ತೆ ನಮ್ಮ ಪಾಲಿಗೇ ಬಂದಂತಾಯಿತು ಎಂದು ನಾನು ಅಲ್ಲೇ ಲೆಕ್ಕ ಹಾಕಿಬಿಟ್ಟೆ. ಅವರ ಹಾಸಿಗೆ ಎಲ್ಲಿ ಹಾಸಬೇಕೆಂದೂ ಯೋಚಿಸಿದೆ. ಮರುದಿನ ಅಂಗಳಕ್ಕೆ ಬಂದು ನೋಡಿದರೆ, ಎರಡೂ ಮನೆಯ ಬಾಗಿಲಿನ ನಡುವೆ, ಬೇವಿನ ಗಿಡದ ಕೆಳಗೆ, ಅತ್ತೆ ಮೂರು ಕಲ್ಲು ಹೂಡಿ ಒಲೆ ಹೊತ್ತಿಸುತ್ತಿದ್ದರು.

"ಅತ್ತಿ, ನಮ್ಮ ಕಡಿ ಬರ್ರಿ" ಎಂದೆ.

ಆ ಕಡೆಯ ಬಾಗಿಲಲ್ಲಿ ನೆಗೆಣ್ಣಿಯೂ ಬಂದು ನಿಂತಿದ್ದಳು. ಅತ್ತೆ ಒಲೆ ಊದುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದರು.

"ಇಬ್ರೂ ಹಿಟ್ಟು ತಂದು ಕೊಡ್ರಿ" ಎಂದರು. "ರೊಟ್ಟಿ ನಾ ಮಾಡ್ಕೋತೀನಿ."